ಜಡೆ ತೊಳೆದ ದಿನ

“ಕಣ್ಣು ಮುಚ್ಕೊಂಡು ಮುಟ್ಟಿ ಮೇಡಂ,” ಎಂದ ಕೆಮಿಸ್ಟ್. “ಕೂದಲನ್ನ ನೋಡೋದು ಕಣ್ಣಲ್ಲಲ್ಲ, ಬೆರಳಲ್ಲಿ.”

ಪೊಲೀಸ್ ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಲಿಲ್ಲ. ಈ ಕಾರ್ಖಾನೆಯಲ್ಲಿ ಕಣ್ಣು ಮುಚ್ಚಿಕೊಂಡವರಿಗೆ ಬರವಿರಲಿಲ್ಲ, ಇನ್ನೊಬ್ಬಳು ಬೇಕಾಗಿರಲಿಲ್ಲ.

ಲ್ಯಾಬಿನ ಗಾಜಿನಾಚೆ ಉದ್ದನೆಯ ಶೆಡ್ಡು. ಮೇಜುಗಳ ಎರಡೂ ಬದಿಗೆ ಹೆಂಗಸರು ತಲೆ ತಗ್ಗಿಸಿ ಕೂತು ಯಾರ ಯಾರದೋ ತಲೆಯ ಸಿಕ್ಕು ಬಿಡಿಸುತ್ತಿದ್ದರು. ಮೂಟೆ ಕಟ್ಟಿಸಿಕೊಂಡು ಬಂದ ಕೂದಲು ಇಲ್ಲಿ ತೊಳೆಸಿಕೊಂಡು, ಇಸ್ತ್ರಿ ಹಾಕಿಸಿಕೊಂಡು, ಮಿಂಚು ಹಚ್ಚಿಸಿಕೊಂಡು, ವಿಗ್ಗಾಗಿ, ಚೌರಿಯಾಗಿ ಬೇರೆ ತಲೆಗಳನ್ನು ಏರಲು ಹೋಗುತ್ತಿತ್ತು. ಬಡವಿಯ ತಲೆಯಿಂದ ಇಳಿಯುವಾಗ ಅದಕ್ಕೆ ಕಸವೆಂದು ಹೆಸರು. ಉಳ್ಳವಳ ತಲೆ ಏರುವಾಗ ರೇಷ್ಮೆಯೆಂದು ಹೆಸರು. ಈ ಎರಡು ಹೆಸರುಗಳ ನಡುವೆ ಇದ್ದದ್ದು ಇಷ್ಟು ಹೆಂಗಸರ ಕೆಮ್ಮು.

ಒಂದು ಮೇಜಿನಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ಕೂರುತ್ತಿದ್ದವಳನ್ನು ಎಲ್ಲರೂ ಗುಂಗುರಿ ಎನ್ನುತ್ತಿದ್ದರು. ಅವಳ ತಲೆಗೂದಲು ಅಷ್ಟು ಗುಂಗುರು. ಕೂದಲು ಮುಳುಗಿಸುವ ತೊಟ್ಟಿಗಳ ಆವಿಯ ಬಗ್ಗೆ, ಆ ಕೆಮ್ಮಿನ ಬಗ್ಗೆ ಕಾರ್ಮಿಕ ಇಲಾಖೆಯವರ ಮುಂದೆ ಬಾಯಿ ಬಿಡುತ್ತೇನೆ ಎಂದವಳು ಅವಳೊಬ್ಬಳೇ. ಇಲಾಖೆಯವರು ಬರುವ ಹಿಂದಿನ ಸಂಜೆ ಅವಳು ಜಡೆ ಬೀಸಿಕೊಂಡು ಗೇಟು ದಾಟಿದ್ದು ಕ್ಯಾಮೆರಾದಲ್ಲಿತ್ತು. ಮರುಬೆಳಗ್ಗೆ ಹೊಳೆಯ ಸೇತುವೆ ಮೇಲೆ ಅವಳ ಚಪ್ಪಲಿ, ಪಕ್ಕದಲ್ಲಿ ಕತ್ತರಿಸಿದ ಒಂದು ಜಡೆ. ಹೆಣ ಸಿಕ್ಕಿರಲಿಲ್ಲ. ‘ಪಾಪ, ಆತ್ಮಹತ್ಯೆ’ ಎಂದಿತ್ತು ಕಂಪನಿ. ಪೊಲೀಸಿನ ಮೇಲಿನವರು ‘ಹೌದು, ಪಾಪ’ ಎಂದಿದ್ದರು.

ಇನ್‌ಸ್ಪೆಕ್ಟರ್ ತಂದದ್ದು ಮೂರು ಕಾಗದದ ಪೊಟ್ಟಣ. ಒಂದೊಂದರಲ್ಲೂ ಬೆರಳುದ್ದದ ಕೂದಲು. ಯಾರದು, ಎಲ್ಲಿಯದು ಎಂದು ಆಕೆ ಹೇಳಿರಲಿಲ್ಲ.

“ಇದಕ್ಕೆ ಏನು ಹಚ್ಚಿದೆ?”

“ಸಿಲಿಕೋನ್. ಅದೇನು ಬ್ರಹ್ಮವಿದ್ಯೆ ಅಲ್ಲ ಮೇಡಂ, ನಿಮ್ಮನೆ ಕಂಡೀಷನರ್‌ನಲ್ಲೂ ಇರುತ್ತೆ, ಸೀರಮ್‌ನಲ್ಲೂ ಇರುತ್ತೆ. ವಿಷ ಅಲ್ಲ, ಹೆದರ್ಬೇಡಿ.” ಆತನಿಗೆ ಪಾಠ ಹೇಳುವುದೆಂದರೆ ಹಬ್ಬ. “ಕೂದಲಿನ ಮೈಮೇಲೆ ಮೀನಿನ ಹುರುಪೆ ಥರ ಹುರುಪೆ ಇರುತ್ತೆ. ಬಿಸಿಲು, ಬಣ್ಣ, ಬಾಚಣಿಗೆ, ಎಲ್ಲಾ ಸೇರಿ ಅದನ್ನ ಎಬ್ಬಿಸಿಬಿಡುತ್ತೆ. ಆಗ ಕೂದಲು ಒರಟಾಗುತ್ತೆ. ಸಿಲಿಕೋನ್ ಹೋಗಿ ಅದರ ಮೇಲೆ ತೆಳ್ಳಗೆ ಹರಡಿ ಕೂರುತ್ತೆ. ಬಾಚಣಿಗೆ ಜಾರುತ್ತೆ, ಸಿಕ್ಕಾಗಲ್ಲ, ಬಿಸಿ ಇಟ್ರೂ ಅಷ್ಟಾಗಿ ಸುಡಲ್ಲ. ಬೆಳಕು ಬಿದ್ರೆ ಕನ್ನಡಿ.”

“ಒಳಗಿನ ಗಾಯ ವಾಸಿ ಆಗುತ್ತಾ?”

ಆತ ನಕ್ಕ. “ಕೂದಲು ಸತ್ತ ವಸ್ತು. ಸತ್ತಿದ್ದಕ್ಕೆ ವಾಸಿ ಎಲ್ಲಿಂದ ಬರ್ಬೇಕು? ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ದಿನಾ ಬಳೀತಾ ಹೋದ್ರೆ ಪದರದ ಮೇಲೆ ಪದರ ಕೂತು ಕೂದಲು ಭಾರವಾಗಿ ಜೋಲುಬೀಳುತ್ತೆ, ಅಷ್ಟೆ.”

“ನೀರಿಗೆ ಹೋಗುತ್ತಾ?”

“ಕೆಲವು ಹೋಗುತ್ತೆ. ನಾವು ಹಾಕೋದು ಹೋಗಲ್ಲ. ಹೊಳೇಲಿ ನೆನೆಸಿಟ್ರೂ ಜಗ್ಗಲ್ಲ. ಗಟ್ಟಿ ಶಾಂಪೂ ಬೇಕು, ಒಂದಲ್ಲ ಎರಡು ಸಲ.”

ಆತ ಮೂರೂ ಎಳೆಗಳನ್ನು ಪದರ ಅಳೆಯುವ ಯಂತ್ರದ ಕೆಳಗೆ ಇಟ್ಟ. ಪರದೆಯ ಮೇಲೆ ಮೂರು ಗೆರೆಗಳು ಒಂದೇ ಎತ್ತರಕ್ಕೆ ಎದ್ದು ನಿಂತವು.

“ಒಂದು ಬುಡದ್ದು, ಒಂದು ನಡುವಿಂದು, ಒಂದು ತುದೀದು,” ಎಂದಳು ಇನ್‌ಸ್ಪೆಕ್ಟರ್. “ಒಂದೇ ಜಡೆ. ಯಾವುದೋ ಹುಡುಗಿ ದಿನಾ ಕಂಡೀಷನರ್ ಹಚ್ಕೊಂಡು ಹೀಗಾಗಿರಬಹುದಾ?”

“ಸಾಧ್ಯವೇ ಇಲ್ಲ!” ಆತನಿಗೆ ಕಾರ್ಖಾನೆಯ ಮಾನವೇ ಹೋದಂತಾಯಿತು. “ತಲೆ ಮೇಲಿದ್ದಾಗ ಬುಡ ಹೊಸದು, ತುದಿ ಹಳೇದು. ಸವೆದ ತುದಿ ಜಾಸ್ತಿ ಹಿಡ್ಕೊಳ್ಳುತ್ತೆ, ಬುಡಕ್ಕೆ ಅಷ್ಟು ಹಿಡಿಯಲ್ಲ. ಹಿಂಗೆ ಬುಡದಿಂದ ತುದಿವರೆಗೂ ಒಂದೇ ಸಮ ಬರ್ಬೇಕಂದ್ರೆ ಕತ್ತರಿಸಿದ ಮೇಲೆ ತೊಟ್ಟೀಲಿ ಮುಳುಗಿಸ್ಬೇಕು. ಬೇರೆಯವರ ಕೈಲಿ ಈ ಕೆಲಸ ಆಗಲ್ಲ. ಇದು ನಮ್ಮದೇ ಮಾಲು ಮೇಡಂ.”

“ಎಷ್ಟು ಹೊತ್ತಿನ ಕೆಲಸ?”

“ಹೊತ್ತಾ? ತೊಳೀಬೇಕು, ನೆರಳಲ್ಲಿ ಒಣಗಿಸ್ಬೇಕು, ಇಸ್ತ್ರಿ, ಮುಳುಗು, ಮತ್ತೆ ಒಣಗು. ಎರಡು ದಿನಕ್ಕೆ ಕಮ್ಮಿ ಇಲ್ಲ. ಯಜಮಾನ್ರೇ ಬಂದು ಕತ್ತಿನ ಮೇಲೆ ಕೂತ್ರೂ ಇಲ್ಲ.”

ಇನ್‌ಸ್ಪೆಕ್ಟರ್ ಪೊಟ್ಟಣಗಳನ್ನು ಒಂದೊಂದಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು.

“ಇದು ಸೇತುವೆ ಮೇಲೆ ಸಿಕ್ಕಿದ ಜಡೆ.”

ಕೆಮಿಸ್ಟ್ ಯಂತ್ರ ಆರಿಸಿದ. ಗಾಜಿನಾಚೆ ಯಾರೋ ಕೆಮ್ಮಿದರು. ಆತ ಅತ್ತ ನೋಡಲಿಲ್ಲ, ನೋಡಿ ಅಭ್ಯಾಸವಿರಲಿಲ್ಲ.

“ತೊಟ್ಟಿಗೆ ಹಾಕಿದ್ದು ಯಾರು?”

“ಯಾರು ಅಂತ ಹೆಂಗೆ ಹೇಳ್ಲಿ? ಮೇಜಿನ ಮೇಲೆ ಕೂದಲು ಬಿದ್ದಿದ್ರೆ ಕೈ ತಾನಾಗೇ ಎತ್ಕೊಂಡು ಮುಂದಿನ ಮೇಜಿಗೆ ತಳ್ಳುತ್ತೆ. ಯಾರ ತಲೇದು ಅಂತ ಯಾರೂ ಕೇಳಲ್ಲ. ಒರಟು ಕೂದಲು ಗೇಟು ದಾಟಬಾರದು, ಅದು ಇಲ್ಲಿನ ನಿಯಮ.” ಆತನ ದನಿ ಸಣ್ಣಗಾಯಿತು. “ಆದ್ರೆ ಮೇಡಂ, ಅದು ಆ ಹುಡುಗೀದೇ ಅಂತ ಏನು ಗ್ಯಾರಂಟಿ? ನಮ್ಮ ದಾಸ್ತಾನಿನ ಯಾವುದೋ ಜಡೆ ಇರಬಹುದಲ್ವಾ?”

ಆಕೆಯನ್ನು ಕಾಡುತ್ತಿದ್ದದ್ದೂ ಅದೇ. ಬೇರಿಲ್ಲದ ಕೂದಲು, ಅದರ ಮೇಲೆ ಬೆಂಕಿ, ರಾಸಾಯನಿಕ. ಡಿಎನ್‌ಎ ಸಿಗದೆ ಸರ್ಕಾರಿ ಪ್ರಯೋಗಾಲಯ ಕೈಚೆಲ್ಲಿತ್ತು.

“ಗುಂಗುರು ಕೂದಲಿಗೆ ಇಸ್ತ್ರಿ ಹಾಕಿ ನಿಮ್ಮ ತೊಟ್ಟೀಲಿ ಮುಳುಗಿಸಿದ್ರೆ?”

“ಪದರ ಇರೋವರೆಗೂ ನೇರ. ಪದರ ತೊಳೆದು ಬಿಸಿನೀರು ಕುಡಿಸಿ ನೋಡಿ.” ಆತ ಕೈ ಒರೆಸಿಕೊಂಡ. “ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ. ಕೂದಲಿಗೆ ಅದು ಅಕ್ಷರಶಃ ನಿಜ. ಅದಕ್ಕಿಂತ ಹೆಚ್ಚು ನನ್ನ ಕೇಳ್ಬೇಡಿ. ನಾನು ಕೂದಲಿನ ಡಾಕ್ಟರು, ಮನುಷ್ಯರ ವಿಷಯ ನಂಗೆ ಗೊತ್ತಿಲ್ಲ.”

“ಅದೇ ನಿಮ್ಮ ಕಾಯಿಲೆ,” ಎಂದು ಆಕೆ ಎದ್ದಳು.

ಹೊರಗೆ ಪಾಳಿ ಬಿಟ್ಟಿತ್ತು. ಗೇಟಿನಲ್ಲಿ ಹೆಂಗಸರ ಸಾಲು. ಕಾವಲಿನ ಹೆಂಗಸು ಒಬ್ಬೊಬ್ಬಳ ಜಡೆ ಹಿಡಿದು ಜಗ್ಗಿ ಬಿಡುತ್ತಿದ್ದಳು. ಕಾರ್ಖಾನೆಯ ಕೂದಲನ್ನು ತಮ್ಮ ಜಡೆಯೊಳಗೆ ಹೆಣೆದು ಕದ್ದೊಯ್ಯುತ್ತಾರೆಂದು ದಿನವೂ ಈ ಪರೀಕ್ಷೆ. ಜಗ್ಗಿದಾಗ ನೋವಾದರೆ ಅವಳು ಪ್ರಾಮಾಣಿಕಳು. ಮೇಲ್ವಿಚಾರಕಿಯರು ಮಾತ್ರ ಪಕ್ಕದಿಂದ ಸುಮ್ಮನೆ ಹೊರಟುಹೋಗುತ್ತಿದ್ದರು.

“ನಂದೂ ಎಳೀತೀಯೇನಮ್ಮಾ?” ಎಂದಳು ಇನ್‌ಸ್ಪೆಕ್ಟರ್.

“ಅಯ್ಯೋ, ದೊಡ್ಡೋರ ಜಡೆ ಯಾರಾದ್ರೂ ಎಳೀತಾರಾ?” ಎಂದು ಆ ಹೆಂಗಸು ನಾಚಿಕೊಂಡಳು.

*

“ಪೊಲೀಸ್ರು ಅಂಗಡಿಗೆ ಬಂದ್ರೆ ನನ್ನ ಗಿರಾಕಿಗಳು ಅರ್ಧ ತಲೆ ಬಣ್ಣದಲ್ಲೇ ಓಡ್ತಾರೆ ಕಣ್ರೀ,” ಎಂದು ಗೊಣಗುತ್ತಲೇ ಪಾರ್ಲರಮ್ಮ ಮಧ್ಯಾಹ್ನದ ಹೊತ್ತಿಗೆ ಶಟರು ಅರ್ಧ ಎಳೆದಳು. ತಲೆ ತೊಳೆಯುವ ಬೇಸಿನ್ನಿನ ಮುಂದೆ ಸ್ಟೂಲು ಹಾಕಿದಳು. ಆಮೇಲೆ ಒಳಗೆ ಬಂದವಳ ಮುಖ ನೋಡಿ ತಮಾಷೆ ನಿಲ್ಲಿಸಿದಳು.

ಬಂದವಳು ಗುಂಗುರಿಯ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಹಿಂದೆಯೇ ಬಂದ ದೊಡ್ಡ ಮಗಳು ಬಾಗಿಲಲ್ಲೇ ನಿಂತಳು. ಅವಳೂ ಅದೇ ಕಾರ್ಖಾನೆಯವಳು, ಈಚೆಗಷ್ಟೇ ಮೇಲ್ವಿಚಾರಕಿಯಾಗಿದ್ದಳು. ಕತ್ತಿನ ಮಟ್ಟಕ್ಕೆ ಕತ್ತರಿಸಿದ ನೇರ ಕೂದಲು. ಎಡಗೈಯಲ್ಲಿ ಬಲ ಮೊಣಕೈ ಹಿಡಿದುಕೊಂಡು ನಿಲ್ಲುವುದು ಅವಳ ರೂಢಿ. ಚಿಕ್ಕಂದಿನಲ್ಲಿ ಮುರಿದದ್ದು, ನೆಟ್ಟಗೆ ಕೂಡಿರಲಿಲ್ಲ.

ಇನ್‌ಸ್ಪೆಕ್ಟರ್ ಜಡೆಯನ್ನು ಟವೆಲ್ಲಿನ ಮೇಲೆ ಇಟ್ಟಳು. ಒಂದು ಪಾಲು ಪ್ರಯೋಗಾಲಯದಲ್ಲಿ ಭದ್ರವಾಗಿತ್ತು. ಉಳಿದದ್ದನ್ನು ತೊಳೆದು ನೋಡಲು ನ್ಯಾಯಾಲಯದ ಅಪ್ಪಣೆ ಸಿಕ್ಕಿತ್ತು.

“ಆವತ್ತೇ ಹೇಳಿದ್ನಲ್ಲ ಮೇಡಂ,” ಎಂದಳು ತಾಯಿ. ಜಡೆಯನ್ನು ಮುಟ್ಟಲಿಲ್ಲ. “ಇದು ನನ್ನ ಮಗಳದಲ್ಲ. ಅವಳ ಕೂದಲು ಪಾತ್ರೆ ತಿಕ್ಕೋ ನಾರು ಇದ್ದಂಗೆ. ಎಷ್ಟು ಬಾಚಣಿಗೆ ಹಲ್ಲು ಮುರ್ಕೊಂಡಿವೆ ಅಂತೀರಿ! ಇದು ನೋಡಿ, ಹಾವಿನ ಮೈ ಥರ ಜಾರುತ್ತೆ. ಅವಳು ಎಲ್ಲೋ ಇದ್ದಾಳೆ. ಹೆದರ್ಕೊಂಡು ಎಲ್ಲೋ ಕೂತಿದ್ದಾಳೆ. ನಾನು ರಾತ್ರಿ ಬಾಗಿಲಿಗೆ ಚಿಲಕವೇ ಹಾಕಲ್ಲ.”

ಈ ಜಡೆ ನುಣುಪಾಗಿರುವಷ್ಟು ದಿನ ಆ ತಾಯಿಯ ಮಗಳು ಬದುಕಿರುತ್ತಾಳೆ. ಇನ್‌ಸ್ಪೆಕ್ಟರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನೀರಿನ ನಲ್ಲಿ ತಿರುಗಿಸಿದಳು.

“ತೊಳೆದು ನೋಡೋಣಮ್ಮಾ. ಇದರ ಮೇಲಿನ ಮಿಂಚು ಆಮೇಲೆ ಬಳಿದಿದ್ದು. ಕೆಳಗೆ ಏನಿದೆ ನೋಡೋಣ.”

“ಯಾಕೆ ತೊಳೀಬೇಕು?” ಬಾಗಿಲಿನಿಂದ ದೊಡ್ಡವಳ ದನಿ ಚುರುಕಾಗಿ ಬಂತು. “ಅವಳದಲ್ಲ ಅಂತ ಅಮ್ಮ ಹೇಳ್ತಿದ್ದಾಳಲ್ಲ. ನಂಬ್ಕೊಂಡು ಇದ್ದಾಳೆ, ಇರಲಿ ಬಿಡಿ. ನಿಮಗೆ ಅದನ್ನೂ ಕಿತ್ಕೊಳ್ಳೋ ಆಸೆನಾ?”

“ನೀನು ಸುಮ್ನಿರೇ.” ತಾಯಿ ಸೆರಗು ಸಿಕ್ಕಿಸಿಕೊಂಡಳು. “ತೊಳೀಲಿ. ಅವಳದಲ್ಲ ಅಂತ ಇವರ ಕಣ್ಣಿಗೂ ಕಾಣ್ಲಿ. ಆದ್ರೆ ನಾನೇ ತೊಳೀತೀನಿ. ಆ ತಲೆ ಹುಟ್ಟಿದಾಗಿಂದ ತೊಳ್ದಿರೋಳು ನಾನು.”

ಪಾರ್ಲರಮ್ಮ ಜಡೆ ಬಿಚ್ಚಿ, ಬುಡದ ದಾರವನ್ನು ಹಾಗೇ ಬಿಟ್ಟು, ಕೂದಲನ್ನು ಅವಳ ಕೈಗೆ ಕೊಟ್ಟಳು. “ಇದು ಪದರ ತೆಗೆಯೋ ಶಾಂಪೂ ಅಕ್ಕಾ. ಮೊದಲ್ನೇ ಸಲ ನೊರೆ ಬರಲ್ಲ, ಬೇಜಾರು ಮಾಡ್ಕೋಬೇಡಿ.”

ನೊರೆ ಬರಲಿಲ್ಲ. ನೀರು ಕೂದಲಿನ ಒಳಗೆ ಇಳಿಯಲೊಲ್ಲದೆ ಮೇಲಿಂದ ಮೇಲೆ ಮಣಿಯಾಗಿ ಉರುಳಿಹೋಯಿತು. ಬೇಸಿನ್ನಿನಲ್ಲಿ ಮಸುಕು ನೀರು ಸುತ್ತಿತು.

“ನೋಡಿ, ನೆಟ್ಟಗೇ ಇದೆ,” ಎಂದಳು ತಾಯಿ. ಆ ಮುಖದಲ್ಲಿ ಗೆಲುವು. “ನಾನು ಹೇಳ್ಲಿಲ್ವಾ? ಯಾವಳೋ ಪುಣ್ಯಾತ್ಗಿತ್ತೀದು ಇದು. ಪಾಪ, ಅವಳಿಗೂ ತಾಯಿ ಇರ್ತಾಳೆ.”

“ಇನ್ನೊಂದು ಸಲ,” ಎಂದಳು ಪಾರ್ಲರಮ್ಮ, ಯಾರ ಮುಖವನ್ನೂ ನೋಡದೆ. ಬಿಸಿನೀರು ಬಿಟ್ಟಳು.

ಎರಡನೇ ಸಲ ನೊರೆ ಬಂತು. ಬೆಳ್ಳಗೆ, ದಂಡಿಯಾಗಿ. ತಾಯಿಯ ಬೆರಳುಗಳು ರೂಢಿಯಂತೆ ತಿಕ್ಕಿದವು, ಕಿವಿಯ ಹಿಂದೆ ತಿಕ್ಕಲು ಹೋಗಿ ಗಾಳಿಯಲ್ಲಿ ನಿಂತವು. ಅಲ್ಲಿ ಕಿವಿ ಇರಲಿಲ್ಲ. ಮತ್ತೆ ತಿಕ್ಕಿದವು. ಜಾರುತ್ತಿದ್ದ ಕೂದಲು ಈಗ ಬೆರಳಿಗೆ ತೊಡರಿತು. ನೀರಿನಲ್ಲಿ ಹಿಂಡಿದಾಗ ಕಿರ್ರೆಂದಿತು.

ತುದಿಯ ಒಂದು ಎಳೆ ಮೊದಲು ಎದ್ದಿತು. ಸುಮ್ಮನೆ, ನಿದ್ದೆಯಿಂದ ಏಳುವ ಹಾಗೆ, ಒಂದು ಸುತ್ತು ಸುತ್ತಿಕೊಂಡಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.

ತಾಯಿ ಕೈ ನಿಲ್ಲಿಸಿದಳು. ನಲ್ಲಿ ಸುರಿಯುತ್ತಲೇ ಇತ್ತು. ಆಕೆ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡು ಎಳೆದಳು, ಬಿಟ್ಟಳು. ಅದು ಪುಟಿದು ಮತ್ತೆ ಸುರುಳಿಯಾಯಿತು. ಮತ್ತೆ ಎಳೆದಳು. ಬಿಟ್ಟಳು.

“ಹಿಂಗೇ ಆಡಿಸ್ತಿದ್ದೆ,” ಎಂದಳು. “ಹಾಲು ಕುಡಿಸುವಾಗ.”

ಅತ್ತಿದ್ದು ಪಾರ್ಲರಮ್ಮ. ತಾಯಿ ಅಳಲಿಲ್ಲ. ದೊಡ್ಡವಳು ಗೋಡೆಯ ಕಡೆ ಮುಖ ಮಾಡಿದ್ದಳು.

ಇನ್‌ಸ್ಪೆಕ್ಟರ್ ನಲ್ಲಿ ನಿಲ್ಲಿಸಿ, ಸ್ಟೂಲಿನ ಪಕ್ಕ ಮೊಣಕಾಲೂರಿ ಕೂತಳು. “ಅಮ್ಮಾ, ಸಿಕ್ಕಿರೋದು ಕೂದಲು. ಮಗಳು ಇನ್ನೂ ಸಿಕ್ಕಿಲ್ಲ. ಎರಡೂ ಒಂದೇ ಅಂತ ಅಂದ್ಕೋಬೇಡಿ. ಈಗ ನನಗೆ ಒಂದು ಮಾತು ಹೇಳಿ. ಇದನ್ನ ಹೀಗೆ ಮಿಂಚಿಸೋಕೆ ಎರಡು ದಿನ ಬೇಕು. ಅಂದ್ರೆ ಅವಳು ಕಾಣೆಯಾಗೋಕೆ ಎರಡು ದಿನ ಮುಂಚೆಯೇ ಇದನ್ನ ಕತ್ತರಿಸಿದ್ದಾರೆ. ಆ ಎರಡು ರಾತ್ರಿ ಅವಳು ಮನೇಲೇ ಮಲಗಿದ್ಲಲ್ಲ. ನೀವು ತಲೆ ಬಾಚ್ಲಿಲ್ವಾ?”

ತಾಯಿ ಸುರುಳಿಯನ್ನು ಬೆರಳಿನಿಂದ ಬಿಚ್ಚಿದಳು.

“ತಲೆಗೆ ಬಟ್ಟೆ ಕಟ್ಕೊಂಡಿದ್ಲು. ಬಾರೇ ಬಾಚ್ತೀನಿ ಅಂದೆ. ತಲೆನೋವು ಬೇಡ ಅಂದ್ಲು. ಗೋಡೆ ಕಡೆ ತಿರುಗಿ ಮಲಗಿದ್ಲು. ನಾನು ಬಟ್ಟೆ ಬಿಚ್ಚಿ ನೋಡೋಣ ಅಂತ ಹೋದೆ… ‘ಬಿಡಮ್ಮಾ, ಅವಳಿಗೆ ಜ್ವರ, ನಿದ್ದೆ ಮಾಡ್ಲಿ’ ಅಂತ…”

“ಅಂತ ಅಂದಿದ್ದು ಯಾರು?”

ತಾಯಿ ಒದ್ದೆ ಕೂದಲಿನ ಸಿಕ್ಕು ಬಿಡಿಸತೊಡಗಿದಳು. ಯಾರೆಂದು ಹೇಳಲು ಆ ಒಂದು ಕೋಣೆಯ ಮನೆಯಲ್ಲಿ ಇನ್ನೆಷ್ಟು ಜನ ಇದ್ದರು?

ಆವಿಯ ವಿರುದ್ಧ ಬಾಯಿ ತೆರೆದದ್ದಕ್ಕೆ ಒಂದು ಹುಡುಗಿಯ ಜಡೆ ಕತ್ತರಿಸಿ ಮೇಜಿನ ಮೇಲೆ ಎಸೆದಿದ್ದರು. ಅವಳ ಪಕ್ಕದವರೇ ಅದನ್ನು ಎತ್ತಿ, ತೊಳೆದು, ಇಸ್ತ್ರಿ ಹಾಕಿ, ಮುಂದಕ್ಕೆ ತಳ್ಳಿದ್ದರು. ಅವಮಾನಕ್ಕೂ ಮಿಂಚು ಹಚ್ಚಿ ಕಳಿಸುವ ಕಾರ್ಖಾನೆ ಅದು. ಜಡೆ ಕಳೆದುಕೊಂಡ ತಲೆಗೆ ಬಟ್ಟೆ ಸುತ್ತಿಕೊಂಡು ಆ ಹುಡುಗಿ ಮತ್ತೆ ಅದೇ ಮೇಜಿಗೆ ಬಂದು ಕೂತಿದ್ದಳು. ಹೆದರಲಿಲ್ಲ ಎಂದು ತೋರಿಸಲಿಕ್ಕೆ ಇರಬೇಕು.

ಹಾಗಾದರೆ ಆ ಸಂಜೆ, ಬೆನ್ನ ಮೇಲೆ ಉದ್ದ ಜಡೆ ಬೀಸುತ್ತ ಗೇಟು ದಾಟಿದವಳು ಯಾರು?

ಇನ್‌ಸ್ಪೆಕ್ಟರ್ ಫೋನು ತೆಗೆದಳು. ಗೇಟಿನ ಕ್ಯಾಮೆರಾದ ಈ ಚಿತ್ರವನ್ನು ಆಕೆ ಅದೆಷ್ಟು ಸಲ ನೋಡಿದ್ದಳೋ. ಕ್ಯಾಮೆರಾ ಇದ್ದದ್ದು ಹಿಂದುಗಡೆ, ಮುಖ ಕಾಣುತ್ತಿರಲಿಲ್ಲ. ಜಡೆ ಕಂಡಿತ್ತು, ಆದ್ದರಿಂದ ಗುಂಗುರಿ ಎಂದು ಎಲ್ಲರೂ ಒಪ್ಪಿದ್ದರು; ಜಡೆ ಹೋದದ್ದು ಗೊತ್ತಿದ್ದವರು ಬಾಯಿ ಬಿಟ್ಟಿರಲಿಲ್ಲ. ಕಂಪನಿಯ ಇಡೀ ಸಮಜಾಯಿಷಿ ಆ ಜಡೆಗೆ ನೇತುಬಿದ್ದಿತ್ತು: ‘ನಮ್ಮ ಗೇಟು ದಾಟಿ ಹೋದಳು, ಆಮೇಲಿನದು ನಮಗೆ ಸಂಬಂಧವಿಲ್ಲ.’

ಇವತ್ತು ಆಕೆ ಜಡೆಯನ್ನು ನೋಡಲಿಲ್ಲ, ಕಾವಲಿನ ಹೆಂಗಸಿನ ಕೈಯನ್ನು ನೋಡಿದಳು. ಸಾಲಿನಲ್ಲಿದ್ದವರನ್ನೆಲ್ಲ ಜಗ್ಗಿ ಜಗ್ಗಿ ಬಿಡುತ್ತಿದ್ದ ಕೈ ಇವಳ ಸರದಿಗೆ ಮೇಲೇಳಲೇ ಇಲ್ಲ. ಅದೂ ಸಾಲಿನಲ್ಲೇ ಅತಿ ಉದ್ದದ ಜಡೆ.

ಜಗ್ಗಿದ್ದರೆ ಕೈಗೇ ಬರುತ್ತಿತ್ತು.

ದಾಸ್ತಾನಿನಿಂದ ಎತ್ತಿದ ತಂಗಿಯ ಜಡೆ… ಇನ್‌ಸ್ಪೆಕ್ಟರ್ ಆ ಯೋಚನೆಯನ್ನು ಅಲ್ಲಿಗೇ ತಡೆದಳು. ಯೋಚನೆ ಸಾಕ್ಷಿಯಲ್ಲ.

“ಅಮ್ಮಾ,” ಎಂದಳು ತಗ್ಗಿದ ದನಿಯಲ್ಲಿ. “ಇದು ನಿಮ್ಮ ಗುಂಗುರಿ ಅಲ್ಲ. ಅವಳು ಆ ಸಂಜೆ ಈ ಗೇಟು ದಾಟಲೇ ಇಲ್ಲ. ಒಂದ್ಸಲ ನೋಡಿ. ಇವಳು ಯಾರು?”

ತಾಯಿ ಒದ್ದೆ ಕೂದಲನ್ನು ಮಡಿಲಲ್ಲಿಟ್ಟುಕೊಂಡು ಫೋನಿನ ಮೇಲೆ ಬಗ್ಗಿದಳು.

ಪರದೆಯ ಮೇಲೆ ಒಬ್ಬಳು ಹೆಣ್ಣುಮಗಳು ನಡೆದುಹೋಗುತ್ತಿದ್ದಳು. ಗೇಟು ದಾಟಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ಇನ್ನು ಯಾರೂ ನೋಡುತ್ತಿಲ್ಲವೆಂದುಕೊಂಡಳೋ ಏನೋ, ಎಡಗೈ ತಾನಾಗಿ ಅಡ್ಡ ಬಂದು ಬಲ ಮೊಣಕೈಯನ್ನು ಹಿಡಿದುಕೊಂಡಿತು.

ತಾಯಿಯ ಕಣ್ಣು ಬಾಗಿಲ ಕಡೆ ಹೋಯಿತು. ಹೋದಷ್ಟೇ ಬೇಗ ಬೇಸಿನ್ನಿಗೆ ಮರಳಿತು.

“ಗೊತ್ತಿಲ್ಲ,” ಎಂದಳು. “ಯಾರೋ.”

ಕೂದಲು ಹಿಂಡತೊಡಗಿದಳು. ಆಸ್ಪತ್ರೆಯ ಹಾಸು ಹಿಂಡುವ ಹಾಗೆ, ಬಲ ಹಾಕಿ, ಇನ್ನು ಒಂದು ಹನಿಯೂ ಬಾರದಿದ್ದರೂ ಹಿಂಡುತ್ತಲೇ ಇದ್ದಳು.

“ಇನ್ನೊಂದ್ಸಲ ನೋಡಿ ಅಮ್ಮಾ.”

“ಕಣ್ಣು ಸರಿ ಕಾಣಲ್ಲ ಮೇಡಂ ನಂಗೆ.”

ಬಾಗಿಲಿಂದ ದೊಡ್ಡವಳು ಕರೆದಳು. “ಅಮ್ಮಾ, ಮುಗೀತಲ್ಲ, ಹೋಗೋಣ ಬಾ. ಇವತ್ತಿಂದಾದ್ರೂ ಬಾಗಿಲಿಗೆ ಚಿಲಕ ಹಾಕ್ಕೊಂಡು ಮಲಗು.”

ತಾಯಿ ಎದ್ದಳು. ಆ ಸುರುಳಿಗಳನ್ನು ಟವೆಲ್ಲಿನಲ್ಲಿ ಸುತ್ತಿದಳು, ಮಗುವನ್ನು ಮೀಯಿಸಿದ ಮೇಲೆ ಸುತ್ತುವ ಹಾಗೆ. ಸುತ್ತಿದ್ದನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಒಂದು ಅಂಚನ್ನು ಹಿಡಿದೇ ಇದ್ದಳು.

“ನೀನು ಮುಂದೆ ನಡಿ ಮಗಾ,” ಎಂದಳು ಬಾಗಿಲ ಕಡೆಗೆ. “ನಾನು ಹಿಂದೆ ಬರ್ತೀನಿ.”

ದೊಡ್ಡವಳು ಅರ್ಧ ಶಟರಿನ ಕೆಳಗೆ ಬಗ್ಗಿ ಬೀದಿಗಿಳಿದಳು. ಬಿಸಿಲಲ್ಲಿ ನಡೆದಳು. ತಾಯಿಯೂ ಬಗ್ಗಿ, ಹೊಸ್ತಿಲಿನಿಂದ ಆ ಬೆನ್ನನ್ನೇ ನೋಡಿದಳು. ಒಂದು, ಎರಡು, ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಎಡಗೈ ಅಡ್ಡ ಬಂತು.

ತಾಯಿ ಹಿಂದಿರುಗಿ ನೋಡಲಿಲ್ಲ. ಬೀದಿಗೆ ಹೇಳುವ ಹಾಗೆ ಹೇಳಿದಳು:

“ನಂಗೆ ಉಳ್ದಿರೋದು ಇವಳೊಬ್ಬಳೇ ಮೇಡಂ.”